ಆತು ಅನ್ನುವ ಮಾತು

ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ ಒಂದು ಟ್ರಸ್ಟಿನವರು ಕಟ್ಟಿಸಿದ ಕ್ಯಾನ್ಸರ್ ಆಸ್ಪತ್ರೆ. ಅದರ ನೆಲಮಾಳಿಗೆಯಲ್ಲಿ ಕಹಕಶಾ ಕೆಲಸ ಕಲಿಯುತ್ತಿದ್ದಳು. ಕಲಬುರಗಿಯಲ್ಲಿ ಮೂರು ವರ್ಷ ಓದಿ, ನಾಲ್ಕನೆಯ ವರ್ಷದ ತರಬೇತಿಗೆ ಇಲ್ಲಿಗೆ ಬಂದಿದ್ದಳು. ಓದಿದ್ದು ರೇಡಿಯೋಥೆರಪಿ, ಅಂದರೆ ಕ್ಯಾನ್ಸರ್ ಗಡ್ಡೆಯ ಮೇಲೆ ಯಂತ್ರದಿಂದ ಕಿರಣ ಬಿಟ್ಟು ಅದನ್ನು ಸಾಯಿಸುವ ವಿದ್ಯೆ. ಪುಸ್ತಕದಲ್ಲಿ ಅದಕ್ಕೆ ವಿಕಿರಣ ಚಿಕಿತ್ಸೆ ಅಂತ ಭಾರಿ ಹೆಸರಿದೆ. ಈ ಸೀಮೆಯ ಜನ ಅದನ್ನು ಕರೆಂಟ್ ಅಂದು ಮುಗಿಸಿಬಿಟ್ಟಿದ್ದಾರೆ. ಇವತ್ತಿಗೆ ಎಷ್ಟನೇ ಕರೆಂಟು, ಕರೆಂಟು ತಗೊಂಡ ಮೇಲೆ ಜಳಕ ಮಾಡಬಹುದೋ ಇಲ್ಲವೋ, ಹೀಗೇ ಮಾತು.

ಮೊದಮೊದಲು ಅವಳು ತಿದ್ದುತ್ತಿದ್ದಳು. ಮುಕ್ಕುಂದದ ಬಸ್ಸಮ್ಮ ಎಂಬ ಮುದುಕಿ ಮೊದಲ ದಿನ ಮನೆಯಿಂದ ಒಂದು ಕಟ್ಟಿಗೆಯ ಮಣೆ ಹೊತ್ತುಕೊಂಡೇ ಬಂದಿದ್ದಳು, ಅದರ ಮೇಲೆ ನಿಂತರೆ ಶಾಕ್ ಹೊಡೆಯುವುದಿಲ್ಲ ಅಂತ. ಇದು ಆ ಕರೆಂಟ್ ಅಲ್ಲ, ಮೈಗೆ ಏನೂ ಗೊತ್ತಾಗುವುದಿಲ್ಲ, ಫೋಟೋ ತೆಗೆಸಿಕೊಂಡ ಹಾಗೆ ಸುಮ್ಮನೆ ಮಲಗಿದ್ದರೆ ಸಾಕು ಅಂತ ಕಹಕಶಾ ಅರ್ಧ ಗಂಟೆ ಬಿಡಿಸಿ ಹೇಳಿದಳು. ಬಸ್ಸಮ್ಮ ಎಲ್ಲದಕ್ಕೂ ತಲೆ ಅಲ್ಲಾಡಿಸಿ, ಕೊನೆಗೆ ಕಾಲಲ್ಲಿನ ರಬ್ಬರ್ ಚಪ್ಪಲಿ ಮಾತ್ರ ಬಿಚ್ಚುವುದಿಲ್ಲ ಅಂದಳು. ಅವತ್ತಿನಿಂದ ಕಹಕಶಾ ತಿದ್ದುವುದನ್ನು ಬಿಟ್ಟಳು.

ಈ ಓದಿಗೆ ಅವಳು ಬಂದದ್ದೂ ಬಯಸಿ ಬಂದದ್ದಲ್ಲ. ನರ್ಸಿಂಗ್ ಸೀಟು ಸಿಗಲಿಲ್ಲ, ಪಟ್ಟಿಯಲ್ಲಿ ಉಳಿದಿದ್ದು ಇದೊಂದೇ. ತುರ್ವಿಹಾಳದ ಅವರ ಓಣಿಯವರು ಹುಡುಗಿ ಇನ್ನು ರೇಡಿಯೋದಲ್ಲಿ ಮಾತಾಡುತ್ತಾಳೆ ಅಂದುಕೊಂಡು ವರ್ಷಗಟ್ಟಲೆ ಅವಳ ದನಿಗಾಗಿ ಕಾದರು. ಈಗ ಅವಳು ಕರೆಂಟ್ ಕೊಡುವ ಹುಡುಗಿ. ಸಿಂಧನೂರಿನಲ್ಲಿ ಅವಳು ಬಾಡಿಗೆಗೆ ಹಿಡಿದ ಕೋಣೆಯ ಮಾಲಕಿ ಶಾಕೀರಾ ಒಳ್ಳೆಯ ಹೆಂಗಸೇ. ಆದರೆ ಕಹಕಶಾ ಸಂಜೆ ಬಂದು ಜಳಕ ಮಾಡುವವರೆಗೆ ತನ್ನ ಮಕ್ಕಳನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ. ಮೈಗೆ ಏನಾದರೂ ಅಂಟಿಕೊಂಡು ಬಂದಿರುತ್ತದೆ ಅನ್ನುವ ಭಯ. ಹಾಗೇನೂ ಇಲ್ಲ ಅಂತ ಹೇಳಿ ಹೇಳಿ ಅವಳಿಗೂ ಸಾಕಾಗಿತ್ತು. ಸ್ಟೋವಿನ ಮೇಲೆ ಒಬ್ಬಳಿಗಾಗುವಷ್ಟು ಅನ್ನ ಇಟ್ಟು, ಒಬ್ಬಳೇ ಕೂತು ಉಣ್ಣುತ್ತಿದ್ದಳು. ಇಪ್ಪತ್ತೆರಡರ ವಯಸ್ಸಿಗೆ ಅಷ್ಟು ಒಂಟಿತನ ಹೆಚ್ಚೇ ಅನ್ನಬೇಕು. ಬಸ್ಸಿನಲ್ಲಿ ಕೂತರೆ ತುರ್ವಿಹಾಳ ಎಷ್ಟು ದೂರ, ಅಲ್ಲಿ ತಾಯಿ ಲಾಲ್‌ಬೀ ಒಬ್ಬಳೇ ಇದ್ದಾಳೆ. ಆದರೂ ಕಹಕಶಾ ಊರಿಗೆ ಹೋಗುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ಉಳಿದ ದಿನ ಸಂಜೆ ಏಳಕ್ಕೆ ತಾಯಿ ಫೋನ್ ಮಾಡಿ ಏನು ಉಂಡೆ ಅಂತ ಕೇಳುತ್ತಿದ್ದಳು, ಇವಳು ಹೇಳುತ್ತಿದ್ದಳು, ಅಷ್ಟೇ.

ಕೆಲಸದಲ್ಲಿ ಅವಳಿಗೆ ಬೊಟ್ಟು ಮಾಡಿ ತೋರಿಸುವಂಥ ದೋಷವಿರಲಿಲ್ಲ. ರೋಗಿಯನ್ನು ಮೇಜಿನ ಮೇಲೆ ಮಲಗಿಸುವುದು, ಮೈಮೇಲಿನ ಗುರುತಿಗೆ ಯಂತ್ರದ ಬೆಳಕಿನ ಗೆರೆ ಕೂಡಿಸುವುದು, ಎಲ್ಲರೂ ಹೊರಗೆ ಬಂದರೋ ಇಲ್ಲವೋ ನೋಡಿ ಆ ದಪ್ಪ ಬಾಗಿಲು ಮುಚ್ಚುವುದು, ಎಲ್ಲ ಚೊಕ್ಕ. ಆಮೇಲೆ ಹೊರಗಿನ ಮೇಜಿನಲ್ಲಿ ಒಂದು ಗುಂಡಿ ಒತ್ತಬೇಕು. ಒತ್ತಿದರೆ ಒಳಗೆ ಕಿರಣ ಶುರು. ಆ ಗುಂಡಿಯ ಹತ್ತಿರ ಬಂದ ಕೂಡಲೇ ಕಹಕಶಾಗೆ ಇನ್ನೇನೋ ಕೆಲಸ ನೆನಪಾಗುತ್ತಿತ್ತು. ಫೈಲು ತರಲು ಹೋಗುವಳು, ಮುಂದಿನ ರೋಗಿಯನ್ನು ಕರೆಯಲು ಹೋಗುವಳು. ಐದು ತಿಂಗಳು ಹೀಗೇ ಜಾರಿಕೊಂಡಳು. ಇನ್ನೊಂದು ವಿಚಿತ್ರವೂ ಇತ್ತು. ಚಿಕಿತ್ಸೆ ಮುಗಿದಾಗ ಎಲ್ಲರೂ ಮೈಕಿನಲ್ಲಿ 'ಆತು, ಆತು' ಅಂತಾರೆ. ಅವಳು ಮಾತ್ರ 'ಮುಗೀತು' ಅನ್ನುವಳು. ಆತು ಅನ್ನುವ ಮಾತು ಅವಳ ಬಾಯಿಂದ ಬಂದಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಅಲ್ಲಿಯ ಹಿರಿಯ ತಂತ್ರಜ್ಞ ಶಿವಪ್ರಸಾದ ಮಾತು ಕಡಿಮೆಯ ಮನುಷ್ಯ, ಕಣ್ಣು ಚುರುಕು. ಹೊಸ ತಿಂಗಳ ಮೊದಲ ದಿನ ಅವಳ ಲಾಗ್‌ಬುಕ್ ತಿರುವಿ ಹಾಕಿ, ಕನ್ನಡಕ ತೆಗೆದು ಕೆಳಗಿಟ್ಟ.

"ಇದರಾಗ ನಿನ್ನ ಕೈಲೆ ಹಾಕಿದ್ದು ಒಂದೂ ಇಲ್ಲ. ಈ ತಿಂಗಳ ಮುಗಿಯೂದ್ರೊಳಗ ಹಾಕಲಿಲ್ಲಂದ್ರ ನಾ ಸಹಿ ಮಾಡಾಂಗಿಲ್ಲ ನೋಡವಾ. ನಾಲ್ಕ ವರ್ಷ ನೀರಾಗ ಹೋಗ್ತಾವು."

ಅವಳು ಹೂಂ ಅಂದಳು. ಕಾರಣ ಹೇಳಲಿಲ್ಲ. ಹೇಳುವುದಿದ್ದರೆ ಹನ್ನೊಂದು ವರ್ಷ ಹಿಂದಕ್ಕೆ ಹೋಗಬೇಕಿತ್ತು.

ಅವಳ ತಂದೆ ಪೀರ್‌ಸಾಬ್ ಲೈನ್‌ಮನ್ ಆಗಿದ್ದ. ಕಂಬದಲ್ಲಿ ತಂತಿ ಕಡಿದರೆ, ಟಿ.ಸಿ., ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಅವನಿಗೇ ಕರೆ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಬಂದ್ ಮಾಡಿಸುತ್ತಿದ್ದ. ಕೆಳಗಿಳಿದು, ಕೆಲಸ ಆಯಿತು ಅಂತ ಅವನೇ ಹೇಳಿದ ಮೇಲೆ ಅಲ್ಲಿಯ ಆಪರೇಟರ್ ಮತ್ತೆ ಕರೆಂಟ್ ಹಾಕಬೇಕು. ಅವತ್ತು ಕಾಲುವೆಯ ಕೊನೆಯ ಗದ್ದೆಗಳ ಹತ್ತಿರ ಕೆಲಸವಿತ್ತು. ಹನ್ನೊಂದು ವರ್ಷದ ಕಹಕಶಾ ಬುತ್ತಿ ಕೊಡಲು ಹೋಗಿದ್ದಳು. ಅಪ್ಪ ಕಂಬದ ಮೇಲಿದ್ದ, ಫೋನ್ ಇವಳ ಕೈಯಲ್ಲಿತ್ತು. ನೆಲ್ಲಿನ ಗದ್ದೆಗೆ ನೀರಿಲ್ಲ, ಪಂಪಿಗೆ ಕರೆಂಟ್ ಬಿಡು ಅಂತ ಸಬ್‌ಸ್ಟೇಷನ್ನಿನಲ್ಲಿ ರೈತರು ಆಪರೇಟರನ ತಲೆ ತಿನ್ನುತ್ತಿದ್ದರು. ಅವನು ಫೋನ್ ಮಾಡಿದ. ಕೆಲಸ ಆತೇನು ನಿಮ್ಮಪ್ಪನ್ನ ಕೇಳವ್ವಾ, ಅಂದ. ಇವಳು ಮೇಲೆ ನೋಡಿ, ಅಪ್ಪಾ ಕೆಲಸ ಆಯಿತಾ ಅಂತಾರೆ ಅಂತ, ಮನೆಯ ಮಾತಿನಲ್ಲಿ ಕೂಗಿದಳು: "ಅಬ್ಬಾ, ಕಾಮ್ ಹುವಾ ಕ್ಯಾ ಕತೆ." ಮೇಲಿನಿಂದ ಪೀರ್‌ಸಾಬ್ "ಹೋತಾ ಬೋಲ್" ಅಂದ.

ಹೋತಾ ಅಂದರೆ ಆಗುತ್ತದೆ. ಇನ್ನೂ ಆಗಿಲ್ಲ, ತಡಿ ಅಂತ ಅರ್ಥ. ಆದರೆ ಮನೆಯ ದಖನಿ ಉರ್ದುವನ್ನು ಶಾಲೆಯ ಕನ್ನಡಕ್ಕೆ ಥಟ್ಟನೆ ತಿರುಗಿಸಿ ಹೇಳುವುದರಲ್ಲಿ ತಾನು ಹುಷಾರು ಅಂತ ಆ ಹುಡುಗಿಗೆ ಒಂದಿಷ್ಟು ಜಂಬವಿತ್ತು. ಫೋನಿಗೆ ಹೇಳಿದಳು: "ಆತಂತ್ರೀ."

ಅಷ್ಟೇ. ಆಗತೈತಿ ಅನ್ನಬೇಕಾದಲ್ಲಿ ಆತು ಅಂದಳು. ಕಂಬದ ಮೇಲಿದ್ದ ತಂದೆ ಬದುಕಿ ಕೆಳಗಿಳಿಯಲಿಲ್ಲ.

ಫೋನಿನಲ್ಲಿ ಯಾರು ಏನಂದರು ಅಂತ ಅವಳನ್ನು ಯಾರೂ ಕೇಳಲಿಲ್ಲ. ಆಪರೇಟರ್ ಕುಡಿದಿದ್ದ, ಹೇಳದೆ ಕೇಳದೆ ಕರೆಂಟ್ ಹಾಕಿದ ಅಂತ ಊರು ತೀರ್ಮಾನಿಸಿತು. ಅವನ ಮನೆಗೆ ಕಲ್ಲು ಬಿದ್ದವು, ನೌಕರಿಯಿಂದ ಕೆಲಕಾಲ ತೆಗೆದರು, ಆಮೇಲೆ ಎಲ್ಲಿಗೋ ಹಾಕಿದರು. ಮನೆಯಲ್ಲಿ ಕರೆಂಟ್ ಹೋದಾಗಲೆಲ್ಲ ಲಾಲ್‌ಬೀ ಅವನ ಹೆಸರು ಹಿಡಿದು ಶಾಪ ಹಾಕುತ್ತಿದ್ದಳು. ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಹೇಳಬೇಕಾಗಿಲ್ಲ. ಆ ಒಂದೊಂದು ಶಾಪವೂ ತನ್ನ ವಿಳಾಸಕ್ಕೆ ಬರೆದದ್ದು ಅಂತ ಕಹಕಶಾಗೆ ಗೊತ್ತಿತ್ತು. ಅವಳು ಊರಿಗೆ ಹೋಗುತ್ತಿರಲಿಲ್ಲವಲ್ಲ, ಅದು ಇದಕ್ಕೆ.

ಶಿವಪ್ರಸಾದ ಗಡುವು ಹಾಕಿದ ಎರಡನೆಯ ದಿನ ಹೊಸ ರೋಗಿಯ ಫೈಲು ಬಂತು. ಸಿದ್ದರಾಮ, ಅರವತ್ತೊಂದು, ಲಿಂಗಸುಗೂರು, ವಿದ್ಯುತ್ ಇಲಾಖೆಯಿಂದ ನಿವೃತ್ತ. ಗಂಟಲಲ್ಲಿ, ದನಿಪೆಟ್ಟಿಗೆಯ ಮೇಲೆ ಗಡ್ಡೆ. ಮೂವತ್ತಮೂರು ಕರೆಂಟು. ಜೊತೆಗೆ ಬಂದವರು ಅನ್ನುವ ಕಾಲಮ್ಮು ಖಾಲಿ.

ತಾಯಿ ಶಾಪ ಹಾಕುತ್ತಿದ್ದ ಆಪರೇಟರನ ಹೆಸರು ಅದೇ. ಅವನ ಮುಖ ಅವಳು ಎಂದೂ ನೋಡಿರಲಿಲ್ಲ. ಗೊತ್ತಿದ್ದದ್ದು ಫೋನಿನಲ್ಲಿ ಕೇಳಿದ ದನಿ ಒಂದೇ. ಆ ದನಿ ಈಗ ಸವೆದುಹೋಗಿತ್ತು. ಕೋಲಿನಂಥ ಉದ್ದ ಮನುಷ್ಯ, ಇಸ್ತ್ರಿ ಮಾಡಿದ ಹಳೆಯ ಅಂಗಿ, ಮಾತಾಡಿದರೆ ಬರೀ ಗಾಳಿ. ಗಂಟಲಿನ ರೋಗಿಗಳ ತಲೆ ಅಲ್ಲಾಡದ ಹಾಗೆ ಮುಖಕ್ಕೆ ಜಾಳಿಗೆಯಂಥ ಅಚ್ಚು ಮಾಡುತ್ತಾರೆ. ಬಿಸಿನೀರಲ್ಲಿ ಮೆತ್ತಗೆ ಮಾಡಿದ ಹಾಳೆಯನ್ನು ಮುಖದ ಮೇಲೆ ಹಾಸಿ, ಅದು ಗಟ್ಟಿಯಾಗುವವರೆಗೆ ಅಂಗೈಯಿಂದ ಒತ್ತಿ ಹಿಡಿಯಬೇಕು. ಆ ಕೆಲಸ ಕಹಕಶಾಳ ಪಾಲಿಗೆ ಬಂತು. ತಾನು ಹನ್ನೊಂದು ವರ್ಷ ಹೆದರಿದ ಮನುಷ್ಯನ ಹಣೆ, ಮೂಗು, ಗದ್ದ ಅವಳ ಅಂಗೈಗೆ ಬೆಚ್ಚಗೆ ಹತ್ತಿದವು. ಅಚ್ಚು ತೆಗೆದಾಗ ಅವನು ಅವಳ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಬಹಳ ಹೊತ್ತು ನೋಡಿದ.

"ಆಕಾಶದಾಗಿನ ಚಿಕ್ಕಿ ಸಾಲಿನ ಹೆಸರು," ಅಂದ. "ಪೀರ್‌ಸಾಬ್ ಎಲ್ಲಾರ ಮುಂದ ಹೇಳ್ತಿದ್ದ. ನೀ ಅವನ ಮಗಳಲ್ಲೇನು?"

ಹೌದು ಅಂತ ತಲೆ ಆಡಿಸಿದಳು. ಅವನು ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು ಹೋದ.

ದಿನಾ ಮುಂಜಾನೆ ಲಿಂಗಸುಗೂರಿನ ಬಸ್ಸು ಹತ್ತಿ, ಮಸ್ಕಿ ದಾಟಿ ಬರುತ್ತಿದ್ದ, ಒಬ್ಬನೇ. ಜೊತೆಗೆ ಯಾರನ್ನಾದರೂ ಕರಕೊಂಡು ಬಾ ಅಂತ ಕೌಂಟರಿನ ದಾನಿಷ್ ದಿನಾ ಗೊಣಗುತ್ತಿದ್ದ. ಸಿದ್ದರಾಮ ದಿನಾ ನಾಳೆ ಅನ್ನುತ್ತಿದ್ದ. ಕಹಕಶಾ ಅವನನ್ನು ಮಲಗಿಸಿ, ಅಚ್ಚು ಹಾಕಿ ಕ್ಲಿಪ್ಪು ಬಿಗಿದು, ಬಾಗಿಲು ಮುಚ್ಚಿ ಬಂದು, ಗೋಡೆ ನೋಡುತ್ತ ನಿಲ್ಲುವಳು. ಗುಂಡಿ ಶಿವಪ್ರಸಾದ ಒತ್ತುವನು. ಟಿವಿಯ ಪರದೆಯಲ್ಲಿ ದೊಡ್ಡ ಯಂತ್ರದ ಕೆಳಗೆ ಆ ಮನುಷ್ಯ ಮುಖ ಕಟ್ಟಿಸಿಕೊಂಡು ಒಬ್ಬನೇ ಮಲಗಿರುವನು. ಅವನನ್ನು ಆ ಕೋಣೆಯಲ್ಲಷ್ಟೇ ಅಲ್ಲ, ಹನ್ನೊಂದು ವರ್ಷದಿಂದ ಒಂಟಿ ಮಾಡಿದವಳು ತಾನು ಅಂತ ಅವಳಿಗೆ ಅನಿಸುತ್ತಿತ್ತು.

ಹತ್ತನೆಯ ಕರೆಂಟಿನ ದಿನ ಅವಳ ಪಾಳಿ ಬೇಗ ಮುಗಿಯಿತು. ಸಿಂಧನೂರಿನ ಬಸ್ಸಿಗೆ ರಸ್ತೆಯ ಈ ಬದಿ ನಿಲ್ಲಬೇಕು. ಅವನು ಆ ಬದಿಯಲ್ಲಿ, ಬೇವಿನ ಗಿಡದ ಕೆಳಗೆ, ಮಸ್ಕಿ ಬಸ್ಸು ಕಾಯುತ್ತ ಕೂತಿದ್ದ. ಅವಳು ರಸ್ತೆ ದಾಟಿದಳು. ಹತ್ತಿರ ಹೋಗಿ ನಿಂತವಳು, ಕುಶಲ ಗಿಶಲ ಏನೂ ಕೇಳದೆ ನೇರ ಅಲ್ಲಿಗೇ ಬಂದಳು.

"ಕಾಕಾ, ಅವತ್ತ ಅಬ್ಬಾ ಆತು ಅಂದಿದ್ದಿಲ್ಲ. ಹೋತಾ ಅಂದಿದ್ರು. ಆಗತೈತಿ ಅಂತ. ಆತು ಅಂದಾಕಿ ನಾನು."

ಒಂದು ಟ್ರ್ಯಾಕ್ಟರ್ ಹೋಯಿತು, ಅದರ ಧೂಳು ಇಳಿಯಿತು. ಕಂಬದ ಮೇಲೇ ಇದ್ದವನು ಯಾಕೆ ಆತು ಅಂದ ಅನ್ನುವುದು ಒಂದೇ ತನಗೆ ಇಷ್ಟು ವರ್ಷ ಬಗೆಹರಿದಿರಲಿಲ್ಲ ಅಂದ ಸಿದ್ದರಾಮ. ವಿಚಾರಣೆಯಲ್ಲಿ ಸಾಹೇಬರು ಎದುರಿಗೆ ಕೂಡಿಸಿಕೊಂಡು, ಫೋನಿನಲ್ಲಿ ಯಾರು ಹೇಳಿದರು ಅಂತ ಮೂರು ಸಲ ಕೇಳಿದ್ದರಂತೆ.

"ಲೈನ್‌ಮನ್ ಅಂದ ಅಂದ್ರ ಸತ್ತಾವನ ಮ್ಯಾಲ ಹೊರಿಸಿದಂಗ. ಕೂಸು ಅಂತು ಅಂದ್ರ ನಿನ್ನ ಹೆಸರು ಕಾಗದದಾಗ ಬರ್ತಿತ್ತು. ಯಾರೂ ಏನೂ ಅಂದಿಲ್ಲ, ನಾನ ಹಾಕೀನಿ ಅಂದೆ."

ಅವಳಿಗೆ ಅಳು ಬಂತು. ರಸ್ತೆ ಅನ್ನುವುದನ್ನೂ ಮರೆತು ಅತ್ತಳು. ಅವನು ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅಳು ತಗ್ಗಿದ ಮೇಲೆ, ಗಾಳಿಯ ದನಿಯಲ್ಲಿ, ಒಂದೊಂದೇ ಮಾತು ನಿಲ್ಲಿಸಿ ನಿಲ್ಲಿಸಿ ಹೇಳಿದ.

"ಯವ್ವಾ, ಕಂಬದಾಗ ಇದ್ದಾವನ ದನಿ ನಮ್ಮ ಕಿವಿಲೆ ಕೇಳಲಾರದ ಕರೆಂಟ್ ಹಾಕಬಾರ್ದು. ಆ ನೇಮ ನನಗ ಗೊತ್ತಿತ್ತು. ನಿನಗ ಗೊತ್ತಿದ್ದಿಲ್ಲ. ತಪ್ಪು ನಂದ ಐತಿ, ಅದು ನನ್ನ ಕಡೇನ ಇರಲಿ ಬಿಡು."

ಆಮೇಲೆ, ಗುಂಡಿ ಒತ್ತುವ ಹೊತ್ತಿಗೆ ನೀನು ಗೋಡೆಗೆ ಮುಖ ಮಾಡುತ್ತೀಯಂತೆ, ಆ ದಾನಿಷ್ ಹೇಳಿದ ಅಂದ. ಅವಳು ತಲೆ ತಗ್ಗಿಸಿದಳು. ಅವನು ಎಡಗೈಯ ತೋರುಬೆರಳನ್ನು ಎತ್ತಿ ತೋರಿಸಿದ.

"ನನಗ ನೀನ ಹಾಕು. ಇನ್ನೆಂಟು ದಿನಕ್ಕ ಈ ದನೀನೂ ಹೋಗತೈತಿ ಅಂದಾರ ಡಾಕ್ಟರು. ಅದಕ್ಕ ಬೆರಳ ಎತ್ತತೀನಿ. ಬೆರಳ ನೋಡಲಾರದ ಹಾಕಬ್ಯಾಡ."

ಬಸ್ಸು ಬಂತು, ಹತ್ತಿ ಹೋದ.

ಶನಿವಾರ ಯಂತ್ರಕ್ಕೆ ರಜೆ. ಕಹಕಶಾ ಹಬ್ಬವಲ್ಲದ ದಿನ ತುರ್ವಿಹಾಳಕ್ಕೆ ಹೋದಳು. ಮಗಳು ಹೇಳದೆ ಬಂದಳು ಅಂತ ಲಾಲ್‌ಬೀಗೆ ಹಿಗ್ಗು. ಅಕ್ಕಿ ತೊಳೆದಿಟ್ಟು, ಮಿಕ್ಸಿಗೆ ಮಸಾಲೆ ಹಾಕಿದಳು, ಆಗಲೇ ಕರೆಂಟ್ ಹೋಯಿತು. ಸಿದ್ದರಾಮನ ಹೆಸರು ತಾಯಿಯ ನಾಲಗೆಯ ಮೇಲೆ ಬಂದಿತ್ತು. ಕಹಕಶಾ ಅಡ್ಡ ಬಂದಳು. ಅಮ್ಮಾ, ಆ ಶಾಪ ಅವರಿಗೆ ಬೇಡ, ನನಗೆ ಹಾಕು, ಅಂದಳು. ಫೋನು, ಹೋತಾ, ಆತು, ವಿಚಾರಣೆ, ಗಂಟಲಿನ ಗಡ್ಡೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಲಾಲ್‌ಬೀ ಅರ್ಧ ಅರೆದ ಮಸಾಲೆಯನ್ನು ಒಳಕಲ್ಲಿಗೆ ಹಾಕಿ, ಮಗಳಿಗೆ ಬೆನ್ನು ಮಾಡಿ ಕೂತು ಅರೆಯತೊಡಗಿದಳು. ಮಸಾಲೆ ನುಣ್ಣಗಾದ ಮೇಲೂ ಅರೆಯುತ್ತಲೇ ಇದ್ದಳು. ಕಹಕಶಾ ಬಾಗಿಲಲ್ಲಿ ಒಂದಿಷ್ಟು ಹೊತ್ತು ನಿಂತು, ಉಣ್ಣದೆ, ಮಧ್ಯಾಹ್ನದ ಬಸ್ಸಿಗೆ ಸಿಂಧನೂರಿಗೆ ವಾಪಸು ಬಂದಳು.

ಅವತ್ತು ಸಂಜೆ ಏಳಕ್ಕೆ ಫೋನ್ ಬರಲಿಲ್ಲ. ಮರುದಿನವೂ ಇಲ್ಲ. ಇವಳು ಮಾಡಿದರೆ ಆ ಕಡೆ ಎತ್ತಲಿಲ್ಲ. ಏನು ಉಂಡೆ ಅಂತ ಕೇಳುವವರೂ ಇಲ್ಲವಾದ ಮೇಲೆ ಅವಳು ಎಷ್ಟೋ ರಾತ್ರಿ ಉಣ್ಣಲೇ ಇಲ್ಲ. ಆಸ್ಪತ್ರೆಯಲ್ಲಿ ಸಿದ್ದರಾಮನ ದನಿ ಪೂರ್ತಿ ಹೋಯಿತು, ಕುತ್ತಿಗೆಯ ಚರ್ಮ ಕಪ್ಪಾಯಿತು, ನೀರು ನುಂಗುವುದೂ ಕಷ್ಟವಾಯಿತು. ಆದರೂ ದಿನಾ ಬಾಗಿಲು ಮುಚ್ಚಿದ ಕೂಡಲೇ ಪರದೆಯಲ್ಲಿ ಅವನ ಎಡಗೈ ಬೆರಳು ಮೇಲೇಳುತ್ತಿತ್ತು. ಅವಳು ಈಗ ಗೋಡೆ ನೋಡುತ್ತಿರಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು. ಆದರೆ ಗುಂಡಿಯ ಮೇಲೆ ಇಟ್ಟ ಕೈ ಒತ್ತುತ್ತಿರಲಿಲ್ಲ. ಶಿವಪ್ರಸಾದ ಒಂದಿಷ್ಟು ಕಾದು, ಅವಳ ಕೈ ಸರಿಸಿ ತಾನೇ ಒತ್ತುತ್ತಿದ್ದ. ತಿಂಗಳು ಮುಗಿಯಲು ನಾಲ್ಕು ದಿನ ಉಳಿಯಿತು, ಆಮೇಲೆ ಎರಡು.

ತಿಂಗಳ ಕೊನೆಯ ದಿನ ಮುಂಜಾನೆ ಅವಳು ರೋಗಿಗಳನ್ನು ಕರೆಯಲು ಹೊರಗೆ ಬಂದಾಗ ಬೆಂಚಿನ ಮೇಲೆ ಲಾಲ್‌ಬೀ ಕೂತಿದ್ದಳು. ಸಿದ್ದರಾಮನಿಂದ ಎರಡು ಜಾಗ ಬಿಟ್ಟು, ಮಡಿಲಲ್ಲಿ ಸ್ಟೀಲಿನ ಡಬ್ಬಿ ಇಟ್ಟುಕೊಂಡು. ಡಬ್ಬಿಯಲ್ಲಿ ಗಂಜಿ ಇತ್ತು, ನೀರಿನಷ್ಟು ತೆಳ್ಳಗೆ, ಗಂಟಲು ಕೆಟ್ಟವರೂ ಕುಡಿಯುವ ಹಾಗೆ. ಅವನೂ ಅವಳನ್ನು ನೋಡುತ್ತಿರಲಿಲ್ಲ, ಅವಳೂ ಅವನನ್ನು ನೋಡುತ್ತಿರಲಿಲ್ಲ. ಅಷ್ಟರಲ್ಲಿ ದಾನಿಷ್ ಕೌಂಟರಿನಿಂದ ಎಂದಿನ ಗೊಣಗಾಟ ಶುರುಮಾಡಿದ. ಸಿದ್ದರಾಮನ ಜೊತೆಗೆ ಯಾರು ಬಂದಿದ್ದೀರಿ, ಇವತ್ತೂ ಯಾರಿಲ್ಲವೋ?

ಲಾಲ್‌ಬೀ ಎದ್ದು ಹೋಗಿ ತನ್ನ ಹೆಸರು ಬರೆಸಿದಳು. ಸಂಬಂಧ ಏನಂತ ಬರೆಯಲಿ ಅಂತ ಅವನು ಕೇಳಿದ. ಅವಳು ಕೌಂಟರಿನ ಅಂಚು ಹಿಡಿದಳು.

"ನನ್ನ ಗಂಡನ ಜೋಡಿ ಕೆಲಸ ಮಾಡಿದಾವ್ರು. ಹಂಗ ಬರಿ."

ದಾನಿಷ್ ಹಾಗೇ ಬರೆದ. ವಾಪಸು ಬರುವಾಗ ಲಾಲ್‌ಬೀ ಮಗಳನ್ನು ದಾಟಿ ಹೋದಳು. ಮುಖ ನೋಡಲಿಲ್ಲ. ದಾಟುವಾಗ ಅವಳ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟು, "ಜಾ, ಕಾಮ್ ಕರ್," ಅಂದಳು. ಹೋಗು, ಕೆಲಸ ನೋಡು.

ಒಳಗೆ ಕಹಕಶಾ ಸಿದ್ದರಾಮನನ್ನು ಮಲಗಿಸಿದಳು. ಅಚ್ಚು ಹಾಕಿ ಕ್ಲಿಪ್ಪು ಬಿಗಿದಳು. ಗೆರೆಗಳು ಕೂಡಿದವೋ ಇಲ್ಲವೋ ಎರಡು ಸಲ ನೋಡಿದಳು. ಕೋಣೆಯಲ್ಲಿ ಇನ್ನಾರೂ ಇಲ್ಲ ಅಂತ ಸುತ್ತ ಕಣ್ಣಾಡಿಸಿ, ಹೊರಗೆ ಬಂದು ಬಾಗಿಲು ಮುಚ್ಚಿದಳು. ಶಿವಪ್ರಸಾದ ಇವತ್ತು ಮೇಜಿನ ಹತ್ತಿರ ಬರದೆ ದೂರದಲ್ಲೇ ನಿಂತ. ಅವಳು ಮೈಕಿನ ಸ್ವಿಚ್ ಹಾಕಿದಳು.

"ಕಾಕಾ, ಹಾಕ್ಲೇನ್ರೀ?"

ಪರದೆಯಲ್ಲಿ ಬೆರಳು ಎದ್ದಿತು. ಅವಳು ಅದನ್ನು ನೋಡಿದಳು. ಅದು ಅವನದೇ ಬೆರಳು, ನಡುವೆ ಇನ್ನಾರೂ ಇಲ್ಲ, ಯಾರ ಮಾತನ್ನೂ ಯಾರಿಗೂ ತಿರುಗಿಸಿ ಹೇಳಬೇಕಾಗಿಲ್ಲ. ಒತ್ತಿದಳು.

ಯಂತ್ರ ಗುಂಯ್ ಅಂತು. ಪರದೆಯಲ್ಲಿ ಅಂಕಿಗಳು ಇಳಿಯತೊಡಗಿದವು. ಅಂಕಿ ಸೊನ್ನೆಗೆ ಬಂದು ಯಂತ್ರ ನಿಂತ ಮೇಲೂ ಬೆರಳು ಇಳಿದಿರಲಿಲ್ಲ. ಅವಳಿಗೆ ಒಂದು ಚಣವೂ ಅನುಮಾನ ಬರಬಾರದು ಅಂತ ಆ ಮನುಷ್ಯ ಅಷ್ಟು ಹೊತ್ತೂ ಅದನ್ನು ಎತ್ತಿಯೇ ಹಿಡಿದಿದ್ದ.

ಕಹಕಶಾ ಮತ್ತೆ ಮೈಕಿಗೆ ಬಾಗಿದಳು.

"ಕೈ ಇಳಸ್ರಿ ಕಾಕಾ," ಅಂದಳು. "ಆತು."